‘ಆಗದು’ ಎಂದರೆ ಯಾರಿಗೆ ನಷ್ಟ

ಅಬುಧಾಬಿ ದ್ವೀಪದ ಈಶಾನ್ಯ ಅಂಚಿನಲ್ಲಿ, ಅಬುಧಾಬಿ ಮಾಲ್‌ನ ಆಸುಪಾಸಿನ ಪ್ರದೇಶಕ್ಕೆ ಈಗಿನ ಅಧಿಕೃತ ಹೆಸರು ಅಲ್ ಜಾಹಿಯಾ. ಆದರೆ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು ಕಡೆಯಿಂದ ಹೋಗಿ ಅಲ್ಲಿ ಸಂಸಾರ ಹೂಡಿದವರಿಗೂ, ಕೋಣೆ ಹಂಚಿಕೊಂಡು ಬ್ಯಾಚುಲರ್‌ಗಳಾಗಿ ಇರುವವರಿಗೂ ಅದು ಇಂದಿಗೂ ಟೂರಿಸ್ಟ್ ಕ್ಲಬ್ ಏರಿಯಾ. ಅಲ್ಲಿನ ಬಹುಮಹಡಿ ಕಟ್ಟಡಗಳಿಂದ ಬೆಳಿಗ್ಗೆ ಕೆಲಸಕ್ಕೆ ಹೊರಡುವವರಲ್ಲಿ ಅಕೌಂಟೆಂಟರು, ಡ್ರಾಫ್ಟ್ಸ್‌ಮನ್‌ಗಳು, ಡಾಕ್ಯುಮೆಂಟ್ ಕಂಟ್ರೋಲರುಗಳು, ಸೇಫ್ಟಿ ಅಧಿಕಾರಿಗಳು, ಸೆಕ್ರೆಟರಿಗಳು ಇದ್ದಾರೆ. ಇವರಲ್ಲಿ ಅನೇಕರ ಅನ್ನ ಒಂದಲ್ಲ ಒಂದು ದಾರಿಯಲ್ಲಿ ತೈಲಕ್ಕೆ ಅಂಟಿಕೊಂಡದ್ದು. ಆ ತೈಲದ ಒಡೆತನದ ಪಟ್ಟಿಯನ್ನು ಒಮ್ಮೆ ನೋಡಬೇಕು. ಅಬುಧಾಬಿಯ ಕರಾವಳಿಯಾಚೆ ಸಮುದ್ರದಡಿ ಇರುವ ಅಪ್ಪರ್ ಜಾಕುಮ್ 1963ರಲ್ಲಿ ಪತ್ತೆಯಾದದ್ದು, ಜಗತ್ತಿನ ಅತಿ ದೊಡ್ಡ ಸಾಗರ ತೈಲಕ್ಷೇತ್ರಗಳಲ್ಲೊಂದು. ಅದರಲ್ಲಿ ಶೇ 60 ಪಾಲು ಅಬುಧಾಬಿ ಸರ್ಕಾರದ ಅಡ್ನಾಕ್‌ನದು, ಶೇ 28 ಅಮೆರಿಕದ ಎಕ್ಸಾನ್‌ಮೊಬಿಲ್‌ನದು, ಶೇ 12 ಜಪಾನಿನ ಇನ್ಪೆಕ್ಸ್ ಸಮೂಹಕ್ಕೆ ಸೇರಿದ ಜೋಡ್ಕೊದ್ದು. ಜೋಡ್ಕೊ 1973ರಿಂದಲೂ ಈ ನೀರಿನಲ್ಲಿದೆ. ಎಕ್ಸಾನ್‌ಮೊಬಿಲ್ ಬಂದದ್ದು 2006ರಲ್ಲಿ. ಜಪಾನಿನ ಕಚೇರಿಯ ಮಾತೂ ಅಮೆರಿಕದ ಕಚೇರಿಯ ಮಾತೂ ಒಂದೇ ಕಡತದಲ್ಲಿ ಕೂಡಬೇಕಾದ ಜಾಗಗಳಲ್ಲಿ ಅಬುಧಾಬಿಗೆ ಸಾಟಿಯಾದವು ಕಡಿಮೆ. ಆ ಕಡತಗಳ ಸುತ್ತ ಬೆಳೆದ ಗುತ್ತಿಗೆ, ಉಪಗುತ್ತಿಗೆ ಕಂಪನಿಗಳಲ್ಲಿ ಟೈಪು ಮಾಡುವ, ಲೆಕ್ಕ ಕೂಡಿಸುವ, ಪರ್ಮಿಟ್ ಬರೆಯುವ ಕೈಗಳು ಬಹುಪಾಲು ಭಾರತ ಉಪಖಂಡದವು.

ಈ ಎರಡು ಬಗೆಯ ಮಾತಿನ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ. ಅಮೆರಿಕದವರು ನೇರ ನುಡಿಯವರು, ಜಪಾನಿಗಳು ಸುತ್ತಿ ಬಳಸಿ ಹೇಳುವವರು; ಅವರದು ವ್ಯಕ್ತಿಯ ಸಂಸ್ಕೃತಿ, ಇವರದು ಗುಂಪಿನ ಸಂಸ್ಕೃತಿ. ಇದರ ಬೇರು ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ ಅವರಲ್ಲಿದೆ. 1950ರ ದಶಕದಲ್ಲಿ ಅಮೆರಿಕದ ವಿದೇಶಾಂಗ ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದ ಹಾಲ್, 1976ರಲ್ಲಿ ಬಂದ ‘ಬಿಯಾಂಡ್ ಕಲ್ಚರ್’ ಪುಸ್ತಕದಲ್ಲಿ ಒಂದು ವಿಂಗಡಣೆ ಮುಂದಿಟ್ಟರು: ಕೆಲವು ಸಮಾಜಗಳಲ್ಲಿ ಅರ್ಥದ ಬಹುಭಾಗ ಆಡಿದ ಮಾತಿನಲ್ಲೇ ಇರುತ್ತದೆ, ಇನ್ನು ಕೆಲವುಗಳಲ್ಲಿ ಅದು ಸಂದರ್ಭದಲ್ಲಿ, ಸಂಬಂಧದಲ್ಲಿ, ಆಡದೆ ಬಿಟ್ಟದ್ದರಲ್ಲಿ ಇರುತ್ತದೆ. ಜಪಾನ್ ಎರಡನೆಯ ಗುಂಪಿನ ತುದಿಗೆ ಹೋಯಿತು, ಅಮೆರಿಕ ಮೊದಲನೆಯದರ ಕಡೆಗೆ. ಜಪಾನ್ ಜಗತ್ತಿನ ಮಾರುಕಟ್ಟೆಗಳನ್ನು ಗೆಲ್ಲುತ್ತಿದ್ದ 1980ರ ದಶಕದಲ್ಲಿ ಈ ವಿಂಗಡಣೆ ಮ್ಯಾನೇಜ್‌ಮೆಂಟ್ ತರಬೇತಿಯ ಪಾಠವಾಯಿತು. ಇಂದಿಗೂ ಕೊಲ್ಲಿಯ ಕಂಪನಿಗಳು ಹೊಸ ನೌಕರರಿಗೆ ತೋರಿಸುವ ಸ್ಲೈಡುಗಳಲ್ಲಿ ಅದರ ನೆರಳಿದೆ. ಅದರಲ್ಲಿ ಸತ್ಯವೇ ಇಲ್ಲವೆಂದಲ್ಲ. ಭಾಷಾವಿಜ್ಞಾನಿ ಹಾರು ಯಮಾದಾ ಬ್ಯಾಂಕ್ ಅಧಿಕಾರಿಗಳ ಸಭೆಗಳನ್ನು ಅಳೆದು ನೋಡಿದಾಗ, ಒಂದು ವಿಷಯದಿಂದ ಇನ್ನೊಂದಕ್ಕೆ ದಾಟುವ ನಡುವೆ ಜಪಾನಿಗಳ ಮೌನ ಸರಾಸರಿ 8.2 ಸೆಕೆಂಡು ಇತ್ತು, ಅಮೆರಿಕನ್ನರದು 4.6. ನಾಲ್ಕು ಸೆಕೆಂಡಿಗೆ ತಾಳ್ಮೆ ಮುಗಿದವನು ಎಂಟನೆಯ ಸೆಕೆಂಡಿನಲ್ಲಿ ಬರಬೇಕಿದ್ದ ಉತ್ತರವನ್ನು ಕೇಳಿಸಿಕೊಳ್ಳುವುದೇ ಇಲ್ಲ. ತಾನೇ ಮಾತು ತುಂಬಿಸಿ, ಕೆಲವೊಮ್ಮೆ ತನ್ನ ಬೆಲೆಯನ್ನು ತಾನೇ ಇಳಿಸಿ ಹೇಳಿಬಿಡುತ್ತಾನೆ. ವ್ಯತ್ಯಾಸ ನಿಜ. ಅದಕ್ಕೆ ಕೊಡುವ ಕಾರಣದ ಬಗ್ಗೆ ನನ್ನ ತಕರಾರಿದೆ. ಕಚೇರಿಯಲ್ಲಿ ಜನ ಹೇಗೆ ಮಾತಾಡುತ್ತಾರೆ ಎಂಬುದನ್ನು ತೀರ್ಮಾನಿಸುವುದು ಅವರು ಹುಟ್ಟಿದ ದೇಶಕ್ಕಿಂತ ಹೆಚ್ಚಾಗಿ, ಆ ಕಚೇರಿಯಲ್ಲಿ ನಿರ್ಧಾರ ಎಲ್ಲಿ, ಯಾವಾಗ ಆಗುತ್ತದೆ ಮತ್ತು ‘ಆಗದು’ ಎಂದವನಿಗೆ ಏನಾಗುತ್ತದೆ ಎಂಬ ಎರಡು ಸಂಗತಿಗಳು.

ನಿರ್ಧಾರದ ಜಾಡನ್ನೇ ಮೊದಲು ನೋಡೋಣ. ಸಾಂಪ್ರದಾಯಿಕ ಜಪಾನಿ ಕಂಪನಿಯಲ್ಲಿ ಒಂದು ಪ್ರಸ್ತಾವ ಹುಟ್ಟುವುದು ಹೆಚ್ಚಾಗಿ ಕೆಳಗಿನ ಅಥವಾ ನಡುವಿನ ಹಂತದ ನೌಕರನ ಮೇಜಿನಲ್ಲಿ. ಅವನು ಅದಕ್ಕೆ ಸಂಬಂಧಪಟ್ಟ ಒಂದೊಂದು ವಿಭಾಗಕ್ಕೂ ಹೋಗಿ, ಒಬ್ಬೊಬ್ಬರನ್ನೇ ಕಂಡು, ಆಕ್ಷೇಪಗಳನ್ನು ಖಾಸಗಿಯಾಗಿ ಕೇಳಿಸಿಕೊಂಡು, ತಿದ್ದಿ, ಮತ್ತೆ ಹೋಗುತ್ತಾನೆ. ಇದನ್ನು ಅವರು ನೆಮವಾಶಿ ಎನ್ನುತ್ತಾರೆ. ಎಲ್ಲರ ಮನಸ್ಸೂ ಒಂದು ಹದಕ್ಕೆ ಬಂದ ಮೇಲೆ ರಿಂಗಿ ಎಂಬ ಕಡತ ಹೊರಡುತ್ತದೆ. ಪ್ರತಿ ವಿಭಾಗದ ಮುಖ್ಯಸ್ಥನೂ ಅದರ ಮೇಲೆ ತನ್ನ ಮೊಹರು ಒತ್ತುತ್ತಾನೆ, ಕಡೆಗೆ ಅದು ಮೇಲಿನವರನ್ನು ತಲುಪುತ್ತದೆ. ಆಮೇಲೆ ನಡೆಯುವ ಸಭೆ ಆಗಿಹೋದ ತೀರ್ಮಾನಕ್ಕೆ ಎಲ್ಲರ ಎದುರು ಹಾಕುವ ಅಂಕಿತ. ಅಲ್ಲಿ ಎದ್ದು ನಿಂತು ‘ಇದು ಸರಿಯಿಲ್ಲ’ ಎನ್ನುವವನು ವಾರಗಟ್ಟಲೆ ತಿರುಗಾಡಿದ ಸಹೋದ್ಯೋಗಿಯ ಮುಖಕ್ಕೆ ಹೊಡೆದಂತೆ; ಅವನಿಗೆ ಆಕ್ಷೇಪವಿದ್ದರೆ ತನ್ನ ಮೇಜಿನ ಬಳಿಗೆ ಬಂದಾಗಲೇ ಹೇಳಬೇಕಿತ್ತು. ಅಮೆರಿಕದ ಕಂಪನಿಯಲ್ಲಿ ಸಭೆಯೇ ಕಣ. ಅಲ್ಲಿಗೆ ಬರುವವರ ಬಳಿ ಸಹಿ ಹಾಕುವ ಅಧಿಕಾರ ಇರುತ್ತದೆ ಅಥವಾ ಆ ಅಧಿಕಾರ ಇರುವವರು ಅಲ್ಲೇ ಕೂತಿರುತ್ತಾರೆ. ವಾದ ಅಲ್ಲೇ, ತೀರ್ಮಾನ ಅಲ್ಲೇ, ನಾಳೆ ಬೇಕಾದರೆ ಬದಲಿಸಿದರಾಯಿತು. ಬಾಯಿ ಬಿಡದೆ ಕೂತವನು ಏನೂ ಕೊಡುಗೆ ಇಲ್ಲದವನೆಂದು ಲೆಕ್ಕಕ್ಕೆ ಬರುತ್ತಾನೆ. ಹೀಗಿರುವಾಗ ಜಪಾನಿ ಪ್ರತಿನಿಧಿ ಸಭೆಯಲ್ಲಿ ಉತ್ತರ ಕೊಡದಿದ್ದರೆ ಅದು ನಾಚಿಕೆಯೂ ಅಲ್ಲ, ಕಪಟವೂ ಅಲ್ಲ. ಉತ್ತರ ಕೊಡುವ ಅಧಿಕಾರ ಅವನ ಬಳಿ ಇಲ್ಲ. ಅದು ಟೋಕಿಯೊದ ಹತ್ತು ಮೇಜುಗಳಲ್ಲಿ ಹಂಚಿಹೋಗಿದೆ. ಮೊಹರುಗಳೆಲ್ಲ ಬಿದ್ದ ಮೇಲೆ ಅವರು ನಡೆಯುವ ವೇಗ ಕಂಡು ಅಮೆರಿಕನ್ನರು ಬೆರಗಾಗುವುದೂ ಇದೇ ಕಾರಣಕ್ಕೆ: ಮನವೊಲಿಸುವ ಕೆಲಸವೆಲ್ಲ ಮೊದಲೇ ಮುಗಿದಿರುತ್ತದೆ. ಎರಿನ್ ಮೇಯರ್ 2014ರ ತಮ್ಮ ‘ದಿ ಕಲ್ಚರ್ ಮ್ಯಾಪ್’ ಪುಸ್ತಕದಲ್ಲಿ ಗುರುತಿಸಿದ ವಿಚಿತ್ರವೂ ಇಲ್ಲಿ ಹೊಂದುತ್ತದೆ. ಮೇಲು-ಕೀಳಿನ ಶ್ರೇಣಿ ಗಟ್ಟಿಯಾಗಿರುವ ಜಪಾನಿನಲ್ಲಿ ನಿರ್ಧಾರ ಎಲ್ಲರ ಒಪ್ಪಿಗೆಯಿಂದ ಆಗುತ್ತದೆ. ಬಾಸನ್ನು ಹೆಸರು ಹಿಡಿದು ಕರೆಯುವ ಅಮೆರಿಕದಲ್ಲಿ ನಿರ್ಧಾರ ಬಾಸೊಬ್ಬನದೇ ಆಗಿರುತ್ತದೆ.

ಎರಡನೆಯ ಸಂಗತಿ ನೌಕರಿಯ ಕರಾರು. ಜಪಾನಿನ ದೊಡ್ಡ ಕಂಪನಿಯ ಕಾಯಂ ನೌಕರ ಕಾಲೇಜು ಮುಗಿಸಿ ಸೇರಿದರೆ ನಿವೃತ್ತಿವರೆಗೂ ಅಲ್ಲೇ. ವಯಸ್ಸಿನೊಡನೆ ಸಂಬಳ ಏರುತ್ತದೆ, ನಡುವೆ ಬಿಟ್ಟರೆ ಬೇರೆ ಕಡೆ ಅಷ್ಟೇ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಂದು ಯಾರನ್ನು ಎದುರು ಹಾಕಿಕೊಳ್ಳುತ್ತಾನೋ ಅವರೊಡನೆ ಇನ್ನು ಮೂವತ್ತು ವರ್ಷ ಕಳೆಯಬೇಕು. ಅಮೆರಿಕದಲ್ಲಿ ಮೊಂಟಾನಾ ಒಂದನ್ನು ಬಿಟ್ಟರೆ ಉಳಿದ ರಾಜ್ಯಗಳಲ್ಲಿ, ವಿಶೇಷ ಕರಾರು ಇಲ್ಲದಿದ್ದರೆ, ಮಾಲೀಕ ಕಾರಣ ಕೊಡದೆ ನೌಕರನನ್ನು ತೆಗೆಯಬಹುದು, ನೌಕರನೂ ಅಷ್ಟೇ ಸುಲಭವಾಗಿ ಬಿಟ್ಟು ಹೋಗಬಹುದು. ಅಲ್ಲಿ ತನ್ನ ಹೆಸರು ಕಾಣುವಂತೆ ಮಾತಾಡದಿದ್ದವನು ಮುಂದಿನ ಕೆಲಸಕ್ಕೆ ಏನು ತೋರಿಸುತ್ತಾನೆ? ಒಂದೆಡೆ ಬಾಯಿ ಬಿಟ್ಟವನಿಗೆ ನಷ್ಟ, ಇನ್ನೊಂದೆಡೆ ಬಾಯಿ ಮುಚ್ಚಿದವನಿಗೆ. ಕನ್ನಡದ ಮನೆಗಳಲ್ಲಿ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಸಂಬಂಧ ಬೇಡವೆಂದಾಗ ‘ಜಾತಕ ಕೂಡಿಬರಲಿಲ್ಲ’ ಎಂದು ಹೇಳಿಕಳಿಸುವುದನ್ನು ನೆನೆದರೆ ಇದು ಅರ್ಥವಾದೀತು. ಜಾತಕ ಕೂಡಿತ್ತೋ ಇಲ್ಲವೋ ಇಬ್ಬರಿಗೂ ಗೊತ್ತು. ಆದರೆ ನಾಳೆ ಅದೇ ನೆಂಟರ ಮದುವೆಯಲ್ಲಿ ಎದುರುಬದುರು ಊಟಕ್ಕೆ ಕೂರಬೇಕು. ಹಾಗಾಗಿ ತಪ್ಪನ್ನು ಗ್ರಹಗಳ ಮೇಲೆ ಹೊರಿಸಿ ಇಬ್ಬರ ಮಾನವನ್ನೂ ಉಳಿಸಿಕೊಳ್ಳುತ್ತಾರೆ. ಅದೇ ಜನ ಸಂತೆಯಲ್ಲಿ ಗುರುತಿಲ್ಲದ ವ್ಯಾಪಾರಿಯೊಡನೆ ಎಷ್ಟು ಖಡಾಖಂಡಿತ! ಒಬ್ಬನೇ ಮನುಷ್ಯ, ಒಂದೇ ಸಂಸ್ಕೃತಿ. ಬದಲಾದದ್ದು ಮುಂದೆ ಮುಖ ನೋಡಬೇಕೇ ಬೇಡವೇ ಎಂಬುದು ಮಾತ್ರ.

ಮೌನ ಜಪಾನಿಗಳ ಸ್ವಭಾವವೇ ಆಗಿದ್ದರೆ ಅದು ಮನೆಯಲ್ಲೂ ಗೆಳೆಯರ ನಡುವೆಯೂ ಕಾಣಬೇಕಿತ್ತು. 2009ರಲ್ಲಿ ಭಾಷಾವಿಜ್ಞಾನಿ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಸಹಜ ಸಂಭಾಷಣೆಯನ್ನು ಅಳೆದರು: ಹೌದು-ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆ ಮುಗಿದ ಮೇಲೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ಹತ್ತರಲ್ಲಿ ಅತಿ ಬೇಗ ಉತ್ತರ ಬಂದದ್ದು ಜಪಾನಿ ಭಾಷೆಯಲ್ಲಿ, ಸರಾಸರಿ 7 ಮಿಲಿಸೆಕೆಂಡು, ಇಂಗ್ಲಿಷಿನಲ್ಲಿ 236. ಗೆಳೆಯನಿಗೆ ಕಣ್ಣೆವೆ ಇಕ್ಕುವ ಮೊದಲೇ ಉತ್ತರ ಕೊಡುವ ಜನ ಬೋರ್ಡ್ ರೂಮಿನಲ್ಲಿ ಎಂಟು ಸೆಕೆಂಡು ಸುಮ್ಮನಿರುತ್ತಾರೆ ಎಂದರೆ ಆ ಮೌನವನ್ನು ಹೊರಿಸುತ್ತಿರುವುದು ಆ ರೂಮು. ‘ಗುಂಪಿನ ಜನ’ ಎಂಬ ಹಣೆಪಟ್ಟಿಯೂ ಅಷ್ಟು ಗಟ್ಟಿಯಲ್ಲ. ಸಂಶೋಧಕ ಗೀರ್ಟ್ ಹಾಫ್ಸ್ಟೀಡ್ ಐಬಿಎಂ ನೌಕರರ ಸಮೀಕ್ಷೆಯಿಂದ 1980ರಲ್ಲಿ ರೂಪಿಸಿದ ವ್ಯಕ್ತಿವಾದದ ಸೂಚ್ಯಂಕದಲ್ಲಿ ಅಮೆರಿಕಕ್ಕೆ 91, ಜಪಾನಿಗೆ 46. ಭಾರತಕ್ಕೆಷ್ಟು? 48. ಜಪಾನಿನ ಸಭೆಯನ್ನೂ ಬೆಂಗಳೂರಿನ ಸಭೆಯನ್ನೂ ಕಂಡವರು ಈ ಎರಡು ಅಂಕಿಗಳ ನೆರೆಹೊರೆಯನ್ನು ನೋಡಿ ನಗಬೇಕಷ್ಟೆ. ನಮ್ಮಲ್ಲಿ ಐದು ಜನ ಕೂತರೆ ಐವರೂ ಒಟ್ಟಿಗೆ ಮಾತಾಡುತ್ತಾರೆ. 1999ರಲ್ಲಿ ಮನಶ್ಶಾಸ್ತ್ರಜ್ಞ ಯೋಹ್ತಾರೊ ತಕಾನೊ ಮತ್ತು ಸಹಲೇಖಕಿ ಅಲ್ಲಿಯವರೆಗಿನ ಜಪಾನ್-ಅಮೆರಿಕ ಹೋಲಿಕೆಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿ, ಜಪಾನಿಗಳು ಅಮೆರಿಕನ್ನರಿಗಿಂತ ಹೆಚ್ಚು ಸಮೂಹವಾದಿಗಳೆಂಬ ಜನಪ್ರಿಯ ನಂಬಿಕೆಗೆ ಪುರಾವೆಯ ಬೆಂಬಲ ಇಲ್ಲವೆಂದರು. ಹಾಲ್ ಅವರ ವಿಂಗಡಣೆಯ ಬಗ್ಗೆ 2008ರಲ್ಲಿ ಸಂಶೋಧಕ ಪೀಟರ್ ಕಾರ್ಡನ್ ಎತ್ತಿದ ಆಕ್ಷೇಪ ಇನ್ನೂ ಸರಳ: ಯಾವ ದೇಶವನ್ನು ಯಾವ ಅಳತೆಗೋಲಿನಿಂದ ಎಲ್ಲಿ ಕೂರಿಸಿದರೆಂದು ಹಾಲ್ ವಿವರಿಸಿರಲೇ ಇಲ್ಲ. ಈ ಗುಣಗಳು ಹುಟ್ಟಿನಿಂದ ಬಂದವಲ್ಲ ಎಂದೇ ಇತಿಹಾಸವೂ ಹೇಳುತ್ತದೆ. ಅರ್ಥಶಾಸ್ತ್ರಜ್ಞ ಹಾ-ಜೂನ್ ಚಾಂಗ್ ನೆನಪಿಸುವಂತೆ, 1915ರ ಸುಮಾರಿಗೆ ಜಪಾನಿನ ಕಾರ್ಖಾನೆಗಳನ್ನು ನೋಡಿದ ಆಸ್ಟ್ರೇಲಿಯಾದ ತಜ್ಞನೊಬ್ಬನ ಕಣ್ಣಿಗೆ ಜಪಾನಿಗಳು ಆರಾಮವಾಗಿ ಕಾಲ ಕಳೆಯುವ ಸೋಮಾರಿಗಳಾಗಿ ಕಂಡಿದ್ದರು. ಆಗಿನ ಕಾರ್ಮಿಕರು ಕಾರ್ಖಾನೆಯಿಂದ ಕಾರ್ಖಾನೆಗೆ ಹಾರುತ್ತಲೇ ಇದ್ದರು. ಕಂಪನಿಗೆ ಜೀವನವಿಡೀ ನಿಷ್ಠೆ ಎಂಬ, ನಾವು ಸನಾತನವೆಂದುಕೊಂಡಿರುವ ಗುಣ ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ, ಅದೂ ದೊಡ್ಡ ಕಂಪನಿಗಳ ಕಾಯಂ ಪುರುಷ ನೌಕರರಲ್ಲಿ. ಇಂದು ಜಪಾನಿನ ನೌಕರರಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಕಾಯಂ ಅಲ್ಲದವರು.

ಈ ವಾದಕ್ಕೆ ನಾನು ಬಲ್ಲ ಅತಿ ಬಲವಾದ ಸಾಕ್ಷಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಒಂದು ಕಾರು ಕಾರ್ಖಾನೆ. ಜನರಲ್ ಮೋಟರ್ಸ್ ಅದನ್ನು 1982ರಲ್ಲಿ ಮುಚ್ಚಿತು. ಗೈರುಹಾಜರಿ ಶೇ 20ರ ಆಸುಪಾಸು, ಪದೇ ಪದೇ ಮುಷ್ಕರ, ಕೆಟ್ಟ ಕಾರುಗಳು. ದೇಶದ ಅತಿ ಕೆಟ್ಟ ಕಾರ್ಮಿಕರೆಂಬ ಹೆಸರು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟರ್ಸ್ ಜಂಟಿಯಾಗಿ ಅದನ್ನು ‘ನುಮ್ಮಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ, ಹೊಸದಾಗಿ ತೆಗೆದುಕೊಂಡವರಲ್ಲಿ ಬಹುಪಾಲು ಅದೇ ಹಳೆಯ ಜನ, ಅದೇ ಯೂನಿಯನ್. ನೂರಾರು ತಂಡ ನಾಯಕರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. ಅಸೆಂಬ್ಲಿ ಲೈನಿನ ಉದ್ದಕ್ಕೂ ಆಂಡನ್ ಹಗ್ಗ ಕಟ್ಟಿದರು: ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು, ತಂಡದ ನಾಯಕ ಓಡಿಬರುತ್ತಾನೆ, ಸರಿಯಾಗದಿದ್ದರೆ ಲೈನು ನಿಲ್ಲುತ್ತದೆ. ಹಿಂದೆ ಅದೇ ಜಾಗದಲ್ಲಿ ಲೈನು ನಿಲ್ಲಿಸಿದವನ ನೌಕರಿ ಉಳಿಯುವುದೇ ಅನುಮಾನವಿತ್ತು. ಕೆಲವೇ ತಿಂಗಳಲ್ಲಿ ಆ ಕಾರ್ಖಾನೆಯ ಕಾರುಗಳ ಗುಣಮಟ್ಟ ಜಪಾನಿನ ಸಮಕ್ಕೆ ಬಂತು, ಗೈರುಹಾಜರಿ ಕುಸಿಯಿತು. ಜನ ಬದಲಾಗಿರಲಿಲ್ಲ, ಹಗ್ಗ ಎಳೆಯುವುದರ ಬೆಲೆ ಬದಲಾಗಿತ್ತು. ಈ ಕತೆ ಹೇಳುವವರು ಹಗ್ಗವನ್ನು ನೆನಪಿಟ್ಟು ಇನ್ನೊಂದು ಸಂಗತಿಯನ್ನು ಮರೆಯುತ್ತಾರೆ. ಯೂನಿಯನ್ನಿನೊಡನೆ 1985ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಕಂಪನಿ, ಉಳಿವಿಗೇ ಕುತ್ತು ಬಂದ ಹೊರತು ಯಾರನ್ನೂ ಲೇಆಫ್ ಮಾಡುವುದಿಲ್ಲ, ಅದಕ್ಕೂ ಮೊದಲು ಮೇಲಿನವರ ಸಂಬಳ ಇಳಿಸುತ್ತೇವೆ ಎಂದು ಬರೆದುಕೊಟ್ಟಿತ್ತು. 1987-88ರಲ್ಲಿ ಕಾರು ಮಾರಾಟವಾಗದೆ ಲೈನು ಅರೆಬರೆ ನಡೆದಾಗ ಆ ಮಾತನ್ನು ಉಳಿಸಿಕೊಂಡಿತು. ಕೆಲಸವಿಲ್ಲದವರನ್ನು ತರಬೇತಿಗೆ ಕೂರಿಸಿತು, ಮನೆಗೆ ಕಳಿಸಲಿಲ್ಲ. ಹಗ್ಗಕ್ಕೆ ಜೀವ ಬಂದದ್ದು ಆ ಮಾತಿನಿಂದ. ಕರ್ನಾಟಕದ ಬಿಡದಿಯಲ್ಲಿ 1999ರಿಂದ ವಾಹನ ತಯಾರಿಸುತ್ತಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದರ ಇನ್ನೊಂದು ಮುಖ ತೋರಿಸುತ್ತದೆ. ಅದೂ ಟೊಯೊಟಾ ಪದ್ಧತಿಯದೇ. ಆದರೂ 2006ರ ಜನವರಿಯಲ್ಲೂ 2020ರ ನವೆಂಬರಿನಲ್ಲೂ ಕಾರ್ಮಿಕರ ಜೊತೆಗಿನ ತಕರಾರು ಲಾಕೌಟ್‌ವರೆಗೆ ಹೋಯಿತು. ಯಂತ್ರವನ್ನು ನಿಲ್ಲಿಸುವ ಮಾತಿಗೆ ಜಾಗ ಕೊಟ್ಟ ಪದ್ಧತಿ ಕೆಲಸದ ಒತ್ತಡ, ಶಿಸ್ತು ಕ್ರಮದ ಬಗೆಗಿನ ಮಾತಿಗೂ ತಾನಾಗಿಯೇ ಜಾಗ ಕೊಡುವುದಿಲ್ಲ. ಅದನ್ನು ಬೇರೆಯಾಗಿಯೇ ಕಟ್ಟಬೇಕು.

‘ನೇರ ನುಡಿಯ ಅಮೆರಿಕ’ ಎಂಬ ನಂಬಿಕೆಯನ್ನು ಪರೀಕ್ಷಿಸಲು 1986ರ ಜನವರಿ 27ರ ರಾತ್ರಿ ಸಾಕು. ಚಾಲೆಂಜರ್ ಗಗನನೌಕೆ ಮರುದಿನ ಹಾರಬೇಕಿತ್ತು. ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು, ಅವರಲ್ಲಿ ರೋಜರ್ ಬೋಜೋಲಿ ಮುಂಚೂಣಿಯವರು, ಚಳಿಗೆ ರಬ್ಬರಿನ ಓ-ರಿಂಗುಗಳು ಸೆಟೆದುಕೊಳ್ಳುತ್ತವೆ, ಹಾರಿಸಬೇಡಿ ಎಂದು ಟೆಲಿಕಾನ್ಫರೆನ್ಸಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು. ನಾಸಾದ ಅಧಿಕಾರಿಗಳು ಸಿಡಿಮಿಡಿಗೊಂಡರು. ನಾಸಾ ಅವರ ದೊಡ್ಡ ಗಿರಾಕಿ. ಕಂಪನಿಯ ಮ್ಯಾನೇಜರುಗಳು ಪ್ರತ್ಯೇಕವಾಗಿ ಮಾತಾಡಿಕೊಂಡು, ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಈಗ ಎಂಜಿನಿಯರನಂತೆ ಯೋಚಿಸುವುದನ್ನು ಬಿಟ್ಟು ಮ್ಯಾನೇಜರನಂತೆ ಯೋಚಿಸಲು ಹೇಳಿ, ತೀರ್ಮಾನ ತಿರುಗಿಸಿದರು. ಮರುದಿನ ಏಳು ಜನ ಸತ್ತರು. ತನಿಖೆಯ ಮುಂದೆ ಸತ್ಯ ಹೇಳಿದ ಬೋಜೋಲಿ ಕಂಪನಿಯಲ್ಲಿ ಒಂಟಿಯಾದರು, ಕಡೆಗೆ ಬಿಟ್ಟು ಹೋದರು. ಕಂಪನಿಗಳ ಲೆಕ್ಕಪತ್ರಕ್ಕೆ ಬಂದರೆ, 2015ರ ಜುಲೈಯಲ್ಲಿ ತೋಷಿಬಾ ಕಂಪನಿ ವರ್ಷಗಟ್ಟಲೆ ಲಾಭವನ್ನು ಸುಮಾರು 15,000 ಕೋಟಿ ಯೆನ್‌ನಷ್ಟು ಉಬ್ಬಿಸಿ ತೋರಿಸಿದ್ದು ಬಯಲಾದಾಗ, ಮೇಲಿನವರ ಇಚ್ಛೆಗೆ ಎದುರಾಡಲಾಗದ ವಾತಾವರಣ ಅದಕ್ಕೆ ಕಾರಣವೆಂದು ತನಿಖಾ ಸಮಿತಿ ಹೇಳಿತು. ಇದು ಜಪಾನಿ ಸಂಸ್ಕೃತಿ ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಮರುವರ್ಷವೇ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ನೌಕರರು ಗುರಿ ಮುಟ್ಟಲಿಕ್ಕೆ ಗ್ರಾಹಕರಿಗೆ ತಿಳಿಯದಂತೆ ಲಕ್ಷಾಂತರ ಸುಳ್ಳು ಖಾತೆ ತೆರೆದದ್ದು ಹೊರಬಂತು. ಸುಮಾರು 5,300 ನೌಕರರು ಕೆಲಸ ಕಳೆದುಕೊಂಡರು. ಅದನ್ನು ಯಾರೂ ಅಮೆರಿಕನ್ ಸಂಸ್ಕೃತಿ ಎನ್ನಲಿಲ್ಲ. ಎರಡರಲ್ಲೂ ಮೇಲಿನಿಂದ ಬಂದದ್ದು ಎಟುಕದ ಗುರಿ, ಕೆಳಗಿನಿಂದ ಹೋದದ್ದು ಸುಳ್ಳು ಲೆಕ್ಕ.

ಸಂಸ್ಕೃತಿಯ ವಿವರಣೆ ಬರೀ ಅಪೂರ್ಣವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅದು ಹೊಣೆಯನ್ನು ಕರಗಿಸುತ್ತದೆ ಎಂಬುದೇ ನನ್ನ ಕಳವಳ. ಇದಕ್ಕೆ ಉದಾಹರಣೆ ಫುಕುಶಿಮಾ ದುರಂತ. ಅಬುಧಾಬಿಗೂ ಅದಕ್ಕೂ ನಂಟಿದೆ. ದಾಸ್ ದ್ವೀಪದಲ್ಲಿ ದ್ರವೀಕರಿಸಿದ ನೈಸರ್ಗಿಕ ಅನಿಲ 1977ರಲ್ಲಿ ಮೊದಲ ಬಾರಿಗೆ ಹಡಗೇರಿದಾಗ ಅದನ್ನು ಕೊಂಡದ್ದು ಟೋಕಿಯೊ ವಿದ್ಯುತ್ ಕಂಪನಿ ಟೆಪ್ಕೊ. ಆ ವ್ಯಾಪಾರ ದಶಕಗಳ ಕಾಲ ನಡೆಯಿತು. ಅದೇ ಟೆಪ್ಕೊದ ಫುಕುಶಿಮಾ ಅಣುಸ್ಥಾವರ 2011ರ ಮಾರ್ಚ್ 11ರ ಸುನಾಮಿಗೆ ಸಿಕ್ಕಿತು. ಆ ಕಡಲತೀರಕ್ಕೆ 15.7 ಮೀಟರಿನಷ್ಟು ಎತ್ತರದ ಅಲೆ ಬರಬಹುದೆಂದು 2008ರಲ್ಲೇ ಕಂಪನಿಯ ಒಳಗಿನ ಲೆಕ್ಕಾಚಾರ ತೋರಿಸಿತ್ತು. ಇನ್ನಷ್ಟು ಅಧ್ಯಯನವಾಗಲಿ ಎಂದು ಅದನ್ನು ಪಕ್ಕಕ್ಕಿಟ್ಟಿದ್ದರು. 2012ರಲ್ಲಿ ಸಂಸತ್ತಿನ ತನಿಖಾ ಆಯೋಗದ ಅಧ್ಯಕ್ಷ ಕಿಯೋಶಿ ಕುರೊಕಾವಾ, ವರದಿಯ ಇಂಗ್ಲಿಷ್ ಆವೃತ್ತಿಯ ಮುನ್ನುಡಿಯಲ್ಲಿ ಈ ದುರಂತದ ಮೂಲ ಜಪಾನಿ ಸಂಸ್ಕೃತಿಯಲ್ಲೇ ಇದೆ, ಪ್ರಶ್ನಿಸದೆ ತಲೆಬಾಗುವ ಗುಣದಲ್ಲಿದೆ ಎಂದು ಬರೆದರು. ಜಪಾನಿ ಆವೃತ್ತಿಯ ಮುನ್ನುಡಿಯಲ್ಲಿ ಆ ಮಾತುಗಳಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾಲ್ಡ್ ಕರ್ಟಿಸ್ ಕೂಡಲೇ ಆಕ್ಷೇಪಿಸಿದರು: ಸಂಸ್ಕೃತಿಯನ್ನು ದೂರಿದರೆ ಎಲ್ಲರೂ ತಪ್ಪಿತಸ್ಥರಾಗುತ್ತಾರೆ, ಹಾಗಾದಾಗ ಯಾರೂ ಹೊಣೆಗಾರರಾಗುವುದಿಲ್ಲ, ಬೇರೆಯ ಜನ ಆ ಕುರ್ಚಿಯಲ್ಲಿದ್ದರೆ ಬೇರೆಯ ತೀರ್ಮಾನ ಆಗಬಹುದಿತ್ತು. ಕರ್ಟಿಸ್ ಹೇಳಿದ್ದು ಸರಿಯೆಂದೇ ನನ್ನ ನಂಬಿಕೆ. 15.7 ಮೀಟರು ಎಂಬ ಅಂಕಿ ಹೊರಬಂದದ್ದೂ ಜಪಾನಿ ಎಂಜಿನಿಯರುಗಳ ಲೆಕ್ಕದಿಂದಲೇ. ಹೇಳುವವರಿದ್ದರು. ಕೇಳದೆ ಬಿಟ್ಟವರಿಗೆ ಹೆಸರುಗಳಿವೆ, ಹುದ್ದೆಗಳಿವೆ.

ಹಾಗಾದರೆ ಸಂಸ್ಕೃತಿ ಎಂಬುದೇ ಇಲ್ಲವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಇದೆ. 2001ರ ಫೆಬ್ರುವರಿ 9ರಂದು ಹವಾಯಿ ಬಳಿ ಅಮೆರಿಕದ ನೌಕಾಪಡೆಯ ಗ್ರೀನ್‌ವಿಲ್ ಜಲಾಂತರ್ಗಾಮಿ ಜಪಾನಿನ ಶಾಲಾ ಮೀನುಗಾರಿಕಾ ಹಡಗು ಎಹಿಮೆ ಮಾರುವಿಗೆ ಕೆಳಗಿನಿಂದ ಬಡಿದು ಒಂಬತ್ತು ಜನ ಸತ್ತರು. ಕಮಾಂಡರ್ ಸ್ಕಾಟ್ ವ್ಯಾಡಲ್ ಅವರಿಂದ ಮೊದಲು ಬಂದದ್ದು ವಿಷಾದದ ಹೇಳಿಕೆ, ಕ್ಷಮೆ ಆಮೇಲೆ. ವಿಚಾರಣೆ ಎದುರಿಸುತ್ತಿದ್ದ ಅಮೆರಿಕದ ಅಧಿಕಾರಿಗೆ ಕ್ಷಮೆಯೆಂದರೆ ತಪ್ಪೊಪ್ಪಿಗೆ. ಆ ಶಾಲೆಯ ಊರಾದ ಉವಾಜಿಮಾದ ತಾಯಿತಂದೆಯರಿಗೆ ಅದು ಎದುರು ಬಂದು ತಲೆಬಾಗಿ ಹೇಳಬೇಕಾದ, ಯಾವ ಮೊಕದ್ದಮೆಗೂ ಕಾಯಬಾರದ ಮಾತು. ಕೊನೆಗೆ 2002ರ ಡಿಸೆಂಬರಿನಲ್ಲಿ ವ್ಯಾಡಲ್ ಆ ಊರಿಗೆ ಹೋದರು. ಆ ಕುಟುಂಬಗಳ ನಿರೀಕ್ಷೆಯನ್ನು ನೌಕರಿಯ ಕರಾರಿನಿಂದ ವಿವರಿಸಲು ಹೊರಟರೆ ಅದು ಮೂರ್ಖತನ. ಬಾಗುವುದು, ಕ್ಷಮೆ ಕೇಳುವುದು, ಹಿರಿಯರೆದುರು ಮಾತಿನ ಹದ ಇವೆಲ್ಲ ಮನೆಯಲ್ಲಿ, ಶಾಲೆಯಲ್ಲಿ ಕಲಿತದ್ದು. ಆದರೆ ಇಲ್ಲೂ ಅಮೆರಿಕದ ಕಡೆಯ ಹಿಂಜರಿಕೆಯ ಅರ್ಧವನ್ನು ಕಟ್ಟಿದ್ದು ಅಲ್ಲಿನ ನ್ಯಾಯಾಲಯ. ಕ್ಷಮೆ ಕೇಳಿದ್ದನ್ನು ಸಾಕ್ಷ್ಯವಾಗಿ ಬಳಸದಂತೆ ಅಮೆರಿಕದ ಅನೇಕ ರಾಜ್ಯಗಳು ವೈದ್ಯರಿಗಾಗಿ ಕಾನೂನು ಮಾಡಿದ್ದೇ ಇದಕ್ಕೆ ಸಾಕ್ಷಿ: ಬೆಲೆ ಇಳಿಸಿದರೆ ಮಾತು ಹೊರಡುತ್ತದೆ ಎಂದು ಆ ಶಾಸಕರೂ ನಂಬಿದ್ದರು. ಇನ್ನೊಂದು ಆಕ್ಷೇಪ ವ್ಯವಹಾರದ್ದು. ಕಾರಣ ಏನಾದರೂ ಇರಲಿ, ನಾಳೆ ಬೆಳಿಗ್ಗೆ ಜಪಾನಿ ಗಿರಾಕಿಯ ಎದುರು ಕೂರುವವನಿಗೆ ಮೌನ ಸಹಿಸು, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡು ಎಂಬ ಪಾಠ ಉಪಯೋಗಕ್ಕೆ ಬರುವುದಿಲ್ಲವೇ? ಬರುತ್ತದೆ. ಆದರೆ ಕಾರ್ಡು ಕೊಡುವ ರೀತಿ ಕಲಿತವನಿಗಿಂತ, ಕಾಗದವನ್ನು ಸಭೆಗೆ ಎರಡು ವಾರ ಮೊದಲೇ ಕಳಿಸಿ, ಯಾರ ಯಾರ ಮೊಹರು ಬೇಕೆಂದು ವಿಚಾರಿಸಿ, ಆಕ್ಷೇಪಗಳನ್ನು ಒಬ್ಬೊಬ್ಬರಿಂದಲೇ ಕೇಳಿಸಿಕೊಂಡವನ ಕೆಲಸ ಬೇಗ ಆಗುತ್ತದೆ. ಹಾಗೆಯೇ ಅಮೆರಿಕದ ಪಾಲುದಾರನ ಸಭೆಗೆ ಹೋಗುವ ಜಪಾನಿ ಎಂಜಿನಿಯರನಿಗೆ ಧೈರ್ಯದ ಉಪದೇಶ ಕೊಟ್ಟು ಪ್ರಯೋಜನವಿಲ್ಲ. ಇಷ್ಟರ ಮಟ್ಟಿಗೆ ನೀನೇ ತೀರ್ಮಾನಿಸಬಹುದು ಎಂದು ಅವನ ಕಂಪನಿ ಬರೆದುಕೊಡಬೇಕು.

ಈಗ ಟೂರಿಸ್ಟ್ ಕ್ಲಬ್ ಏರಿಯಾದಿಂದ ಕೆಲಸಕ್ಕೆ ಹೊರಡುವವರ ವಿಷಯಕ್ಕೆ ಬರೋಣ. ಜಪಾನ್-ಅಮೆರಿಕ ಎಂಬ ಜೋಡಿಯ ಮೇಲೆ ಬರೆದ ಪುಸ್ತಕಗಳಲ್ಲಿ ಈ ಮೂರನೆಯವನು ಕಾಣುವುದೇ ಇಲ್ಲ. ಭಾರತೀಯರು ‘ಇಲ್ಲ’ ಎನ್ನುವುದಿಲ್ಲ, ಆಗದ ಕೆಲಸಕ್ಕೂ ‘ಆಯ್ತು ಸಾರ್’ ಎನ್ನುತ್ತಾರೆ ಎಂಬ ದೂರು ಅಮೆರಿಕದ ಮ್ಯಾನೇಜರಿನದೂ ಹೌದು, ಜಪಾನಿನ ಮ್ಯಾನೇಜರಿನದೂ ಹೌದು. ಅವರೂ ಇದನ್ನು ನಮ್ಮ ಸಂಸ್ಕೃತಿಯ ಖಾತೆಗೆ ಬರೆದುಕೊಳ್ಳುತ್ತಾರೆ. ಆದರೆ ಇವನ ಲೆಕ್ಕವನ್ನು ನೋಡಿ. ಕೊಲ್ಲಿಯಲ್ಲಿ ವಾಸದ ಪರವಾನಗಿ ನೌಕರಿಗೆ ಕಟ್ಟಿದ್ದು. ಕೆಲಸ ಹೋದರೆ ವೀಸಾ ಕ್ಯಾನ್ಸಲ್; ಹಿಂದೆ ಹೊಸ ಕೆಲಸಕ್ಕೆ ಹಳೆಯ ಮಾಲೀಕನ ಎನ್‌ಒಸಿ ಬೇಕಿತ್ತು, ಇಲ್ಲದಿದ್ದರೆ ಆರು ತಿಂಗಳ ಬ್ಯಾನ್ ಬೀಳುತ್ತಿತ್ತು. ಮಕ್ಕಳ ಶಾಲೆ, ಮುಂಗಡ ಚೆಕ್ ಕೊಟ್ಟ ಮನೆ ಬಾಡಿಗೆ, ಊರಿನಲ್ಲಿ ಅರ್ಧ ಎದ್ದ ಮನೆಯ ಸಾಲ ಎಲ್ಲವೂ ಆ ಒಂದು ಕಾಗದಕ್ಕೆ ನೇತುಬಿದ್ದಿರುತ್ತವೆ. ಜಪಾನಿಗೆ ‘ಆಗದು’ ಎಂದರೆ ಸಂಬಂಧ ಕೆಡುತ್ತದೆ, ಅಮೆರಿಕನ್ನನಿಗೆ ಹೆಚ್ಚೆಂದರೆ ಕೆಲಸ ಹೋಗುತ್ತದೆ, ಇವನಿಗೆ ದೇಶವೇ ಹೋಗುತ್ತದೆ. ಅದೇ ಮನುಷ್ಯ ಮಂಗಳೂರಿನ ಬ್ಯಾಂಕಿನಲ್ಲೋ ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲೋ ಕಾಯಂ ನೌಕರನಾಗಿದ್ದರೆ ಯೂನಿಯನ್ ಸಭೆಯಲ್ಲಿ ಅವನ ದನಿ ಬೀದಿಗೆ ಕೇಳಿಸುತ್ತಿತ್ತು. ಈ ಲೆಕ್ಕ ಇತ್ತೀಚೆಗೆ ಕೊಂಚ ಸಡಿಲವಾಗಿದೆ ಎಂಬುದನ್ನೂ ಹೇಳಬೇಕು. ಯುಎಇಯಲ್ಲಿ 2016ರಲ್ಲಿ ಜಾರಿಗೆ ಬಂದ ನಿಯಮಗಳು ಕೆಲಸ ಬದಲಿಸುವುದನ್ನು ಸುಲಭ ಮಾಡಿದವು. 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವ ಹೊಸ ಕಾರ್ಮಿಕ ಕಾನೂನು, ಸಚಿವಾಲಯಕ್ಕೆ ಗಂಭೀರ ದೂರು ಕೊಟ್ಟ ಕಾರಣಕ್ಕೆ ನೌಕರನನ್ನು ತೆಗೆಯುವುದು ಅಕ್ರಮ, ದೂರು ನಿಜವೆಂದಾದರೆ ಮೂರು ತಿಂಗಳ ಸಂಬಳದವರೆಗೆ ಪರಿಹಾರ ಎಂದಿದೆ. 2023ರ ಜನವರಿಯಿಂದ ನಿರುದ್ಯೋಗ ವಿಮೆ ಬಂದಿದೆ: ಮೂಲ ವೇತನ 16,000 ದಿರ್ಹಮ್ ಮೀರದವರಿಗೆ ತಿಂಗಳಿಗೆ 5 ದಿರ್ಹಮ್ ಕಂತು, ಕೆಲಸ ಹೋದರೆ ಮೂಲ ವೇತನದ ಶೇ 60, ಮೂರು ತಿಂಗಳವರೆಗೆ. ಶಿಸ್ತು ಕ್ರಮದ ಮೇಲೆ ತೆಗೆದರೆ ಮಾತ್ರ ಇಲ್ಲ. ಬಾಯಿ ಬಿಟ್ಟವನನ್ನು ‘ಶಿಸ್ತಿಲ್ಲದವನು’ ಎಂದು ಬರೆದು ತೆಗೆಯುವುದು ಎಷ್ಟು ಸುಲಭವೆಂದು ಬಲ್ಲವರಿಗೆ ಆ ಷರತ್ತಿನ ತೂಕ ಗೊತ್ತು.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಸಮುದ್ರದ ನಡುವಿನ ಕೃತಕ ದ್ವೀಪಗಳಲ್ಲಿ, ಅನಿಲದ ಪೈಪುಗಳ ನಡುವೆ, ಹೇಳದೆ ಉಳಿದ ಮಾತು ಜೀವ ತೆಗೆಯುತ್ತದೆ. ತೈಲ ಉದ್ಯಮಕ್ಕೆ ಇದು ಚೆನ್ನಾಗಿ ಗೊತ್ತು. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ 167 ಜನ ಸತ್ತಾಗ, ರಿಪೇರಿಗೆಂದು ಸುರಕ್ಷತಾ ಕವಾಟ ಬಿಚ್ಚಿಟ್ಟಿದ್ದ ಪಂಪಿನ ಸುದ್ದಿ ಒಂದು ಪಾಳಿಯಿಂದ ಇನ್ನೊಂದಕ್ಕೆ ಸರಿಯಾಗಿ ದಾಟಿರಲಿಲ್ಲ. ಅದಕ್ಕೇ ಇಂದು ದೊಡ್ಡ ತೈಲ ಕಂಪನಿಗಳು, ಅಮೆರಿಕದವಿರಲಿ ಜಪಾನಿನವಿರಲಿ, ‘ಸ್ಟಾಪ್ ವರ್ಕ್’ ಅಧಿಕಾರವನ್ನು ಸೈಟಿನಲ್ಲಿರುವ ಪ್ರತಿಯೊಬ್ಬನಿಗೂ ಕೊಡುತ್ತವೆ: ಅಪಾಯ ಕಂಡರೆ ಹೆಲ್ಪರ್ ಕೂಡ ಕೆಲಸ ನಿಲ್ಲಿಸಬಹುದು. ಫ್ರೀಮಾಂಟಿನ ಹಗ್ಗವೇ ಇಲ್ಲಿ ಕಾರ್ಡಿನ ರೂಪದಲ್ಲಿ ಜೇಬಿನಲ್ಲಿದೆ. ಆದರೆ ಫ್ರೀಮಾಂಟಿನ ಒಪ್ಪಂದ ಜೊತೆಗಿಲ್ಲ. ಕಾರ್ಡು ಕೊಟ್ಟದ್ದು ತೈಲ ಕಂಪನಿ, ವೀಸಾ ಇರುವುದು ಉಪಗುತ್ತಿಗೆದಾರನ ಕೈಯಲ್ಲಿ, ಕೆಲಸ ನಿಂತರೆ ದಿನದ ದಂಡ ಬೀಳುವುದು ಆ ಉಪಗುತ್ತಿಗೆದಾರನಿಗೆ. ಕೆಲಸ ನಿಲ್ಲಿಸಿದವನನ್ನು ಅವನು ಅಂದೇ ತೆಗೆಯುವುದಿಲ್ಲ. ಪ್ರಾಜೆಕ್ಟ್ ಮುಗಿದಾಗ ಮುಂದಿನ ಪಟ್ಟಿಯಲ್ಲಿ ಅವನ ಹೆಸರು ಇಲ್ಲದಂತೆ ನೋಡಿಕೊಂಡರೆ ಸಾಕು. ಇದನ್ನು ಸಂಸ್ಕೃತಿಯ ತರಬೇತಿ ಸರಿಪಡಿಸಲಾರದು. ಸರಿಪಡಿಸಬಲ್ಲದ್ದು ಗುತ್ತಿಗೆಯ ಕಾಗದದಲ್ಲಿ ಸೇರಿಸಬಹುದಾದ ಎರಡು ಷರತ್ತು. ಒಳ್ಳೆಯ ನಂಬಿಕೆಯಿಂದ ಕೆಲಸ ನಿಲ್ಲಿಸಿದ ಗಂಟೆಗಳಿಗೆ ದಂಡ ಹಾಕಬಾರದು, ಆ ಖರ್ಚನ್ನು ತೈಲ ಕಂಪನಿಯೇ ಹೊರಬೇಕು. ಕೆಲಸ ನಿಲ್ಲಿಸಿದವನ ಹೆಸರು ಮುಂದಿನ ಹನ್ನೆರಡು ತಿಂಗಳಲ್ಲಿ ಉಪಗುತ್ತಿಗೆದಾರನ ಪಟ್ಟಿಯಿಂದ ಬಿದ್ದುಹೋದರೆ, ಏಕೆಂದು ತೈಲ ಕಂಪನಿಯ ಸೇಫ್ಟಿ ವಿಭಾಗಕ್ಕೆ ಬರಹದಲ್ಲಿ ಕಾರಣ ಕೊಡಬೇಕು. ಅಪ್ಪರ್ ಜಾಕುಮ್‌ನಂಥ ಪಾಲುದಾರಿಕೆಯಲ್ಲಿ ಇದನ್ನು ಬರೆಸಲು ಎಲ್ಲ ಪಾಲುದಾರರ ಒಪ್ಪಿಗೆ ಬೇಕಾಗುತ್ತದೆ. ಕಾಗದವನ್ನು ಮೊದಲು ಟೋಕಿಯೊದ ಮೇಜುಗಳಿಗೆ ಕಳಿಸಿ, ಅಲ್ಲಿ ಒಬ್ಬೊಬ್ಬರನ್ನೇ ಒಪ್ಪಿಸಿ, ಆಮೇಲೆ ಅಮೆರಿಕನ್ನರ ಎದುರು ಸಭೆಯಲ್ಲಿ ವಾದಿಸುವುದು ಒಳ್ಳೆಯದು.